ಹಡಗು, ಬಿದಿರುಗಳ, ಕೇಬಲ್ಲು

ಸ್ವಂತ ರೇಡಿಯೋ ನಡೆಸೋಕೆ ಸರ್ಕಾರ ಬಿಡೋದಿಲ್ಲ ಅಂದ್ರೆ ಏನು ಮಾಡಬೇಕು? 1964ರ ಮಾರ್ಚಿನಲ್ಲಿ ರೋನನ್ ಒರಾಹಿಲಿ ಎಂಬ ಐರಿಶ್ ಯುವಕ ಒಂದು ಹಳೇ ಹಡಗಿಗೆ ಟ್ರಾನ್ಸ್‌ಮಿಟರ್ ಏರಿಸಿ, ಇಂಗ್ಲೆಂಡಿನ ಕಾನೂನು ಮುಗಿಯುವ ಮೂರು ಮೈಲಿಯ ಗೆರೆಯಾಚೆ ಲಂಗರು ಹಾಕಿದ. ಹೆಸರು ರೇಡಿಯೋ ಕ್ಯಾರೊಲಿನ್. ಬಿಬಿಸಿಯಲ್ಲಿ ಅಪರೂಪಕ್ಕೆ ಕೇಳಿಸುತ್ತಿದ್ದ ಪಾಪ್ ಹಾಡುಗಳು ದಿನವಿಡೀ ತೇಲಿಬಂದವು. ಹಡಗಿನ ಮೇಲೆ ಕೈ ಹಾಕಲಾಗದ ಸರ್ಕಾರ 1967ರ ಆಗಸ್ಟಿನಲ್ಲಿ ಬೇರೆ ದಾರಿ ಹಿಡಿಯಿತು. ಹಡಗಿಗೆ ಜಾಹೀರಾತು ಕೊಟ್ಟರೂ ಅಪರಾಧ, ದಡದಿಂದ ಊಟ ಸಾಗಿಸಿದರೂ ಅಪರಾಧ! ಮರು ತಿಂಗಳೇ ಬಿಬಿಸಿ 'ರೇಡಿಯೋ 1' ಶುರುಮಾಡಿ, ಆ ಹಡಗುಗಳ ನಿರೂಪಕರನ್ನೇ ಮೈಕಿನ ಮುಂದೆ ಕೂರಿಸಿತು :) ಕ್ಯಾರೊಲಿನ್ ಆಮೇಲೂ ಕೆಲ ತಿಂಗಳು ಕುಂಟಿತು. 1968ರಲ್ಲಿ ಸಾಲದ ಬಾಕಿಗಾಗಿ ಅದನ್ನು ಎಳೆದುಕೊಂಡು ಹೋದರು.

ಈ ಕಥೆ ಓದುವಾಗೆಲ್ಲ ನನಗೆ ನೆನಪಾಗೋದು ಕಡಲೇ ಕಾಣದ ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು.

ನಮ್ಮಲ್ಲಿ ಗಾಳಿಯಲ್ಲಿ ಹೋಗುವ ಅಲೆಯೆಲ್ಲ 1885ರ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ಸರ್ಕಾರದ ಸೊತ್ತಾಗಿತ್ತು. ರೇಡಿಯೋ ಇನ್ನೂ ಹುಟ್ಟದ ಕಾಲದ ಕಾಯ್ದೆ! 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಅಲೆಗಳು ಸಾರ್ವಜನಿಕರ ಸೊತ್ತು ಎಂದು ಹೇಳಿತು. ಆದರೆ ಅದರ ಫಲ ಮೊದಲು ಸಿಕ್ಕಿದ್ದು ಹರಾಜಿನಲ್ಲಿ ಕೋಟಿಗಟ್ಟಲೆ ಕೂಗಿದ ಕಂಪನಿಗಳಿಗೆ. 2001ರ ಜುಲೈನಲ್ಲಿ ಬೆಂಗಳೂರಿಗೆ ಖಾಸಗಿ ಎಫ್ಎಂ ಬಂತು. ಹಳ್ಳಿಯವರಿಗೆ ಮಾತ್ರ ಪರವಾನಗಿಯ ದಾರಿಯೇ ಇರಲಿಲ್ಲ.

ಬೂದಿಕೋಟೆಯಲ್ಲಿ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು, ಯುನೆಸ್ಕೋ ನೆರವಿನಿಂದ 'ನಮ್ಮ ಧ್ವನಿ' ಎಂಬ ಪುಟ್ಟ ಸ್ಟುಡಿಯೋ ಕಟ್ಟಿದ್ದು ಇದೇ ಹೊತ್ತಿನಲ್ಲಿ. ಊರಿನವರೇ ಮೈಕು ಹಿಡಿಯಲು, ಕಾರ್ಯಕ್ರಮ ಮಾಡಲು ಕಲಿತರು. ಆದರೆ ಪ್ರಸಾರ ಮಾಡುವಂತಿಲ್ಲ. ಹಾಗಾಗಿ ಮೊದಮೊದಲು ಮಹಿಳಾ ಸಂಘದ ಸಭೆಗಳಲ್ಲಿ ಕ್ಯಾಸೆಟ್ ಹಾಕಿ ಕೇಳಿಸಿದರು. 2003ರಲ್ಲಿ ಒಂದು ಉಪಾಯ ಹೂಡಿದರು. ಕೇಬಲ್ ಟಿವಿಗೆ 1995ರಲ್ಲೇ ಬೇರೆ ಕಾಯ್ದೆ ಬಂದಿತ್ತು, ಆಪರೇಟರು ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಂಡರೆ ಮುಗಿಯಿತು. ಸರಿ, ಊರಿನ ಕೇಬಲ್ ತಂತಿಯಲ್ಲೇ ತಮ್ಮ ಧ್ವನಿಯನ್ನೂ ಕಳಿಸಿದರು. ಒರಾಹಿಲಿ ಹುಡುಕಿದ ಮೂರು ಮೈಲಿಯ ಗೆರೆ ಬೂದಿಕೋಟೆಯವರಿಗೆ ತಂತಿಯೊಳಗೆ ಸಿಕ್ಕಿತು!

ಎಂಜಿನಿಯರಿಂಗ್ ಓದಿದವನಿಗೆ ಇದನ್ನು ಕಂಡರೆ ಖುಷಿ, ಜೊತೆಗೆ ಸಿಟ್ಟು. ರೇಡಿಯೋದ ಹೆಚ್ಚುಗಾರಿಕೆಯೇ ಕೇಳುಗರು ಹತ್ತು ಜನರಿದ್ದರೂ ಹತ್ತು ಸಾವಿರ ಜನರಿದ್ದರೂ ಕಳಿಸುವವನ ಖರ್ಚು ಅಷ್ಟೇ ಅನ್ನೋದು. ತಂತಿ ಹಾಗಲ್ಲ, ಪ್ರತಿ ಮನೆಗೂ ಬೇರೆ ಎಳೆಯಬೇಕು. ಟಿವಿ, ಕೇಬಲ್ ಇದ್ದ ಮನೆಗೆ ದನಿ ಮುಟ್ಟಿತು, ಇಲ್ಲದ ಮನೆಯ ಬಾಗಿಲಲ್ಲಿ ನಿಂತಿತು. ಯಾರಿಗಾಗಿ ಸ್ಟುಡಿಯೋ ಕಟ್ಟಿದ್ದರೋ ಅವರೇ ಹೊರಗೆ. ಮಾಗಡಿಯ ಕಡೆ ಒಂದು ಹಳ್ಳಿಯ ಬೋರ್‌ವೆಲ್ ಕೆಟ್ಟರೆ ಅದು ಬೆಂಗಳೂರಿನ ದೊಡ್ಡ ಕೇಂದ್ರಕ್ಕೆ ಸುದ್ದಿಯೇ ಅಲ್ಲ, ಆ ಹಳ್ಳಿಗೆ ಮಾತ್ರ ಅದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಅದನ್ನು ಹೇಳೋಕೆ ಬೇಕಾದ್ದು ಐವತ್ತು ವಾಟಿನ ಒಂದು ಪೆಟ್ಟಿಗೆ, ಅಷ್ಟೇ.

ಉಪಾಯ ಹೂಡದೆ ನೇರವಾಗಿ ಅಲೆಗೇ ಕೈ ಹಾಕಿದವರೂ ಇದ್ದರು. ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರೇಡಿಯೋ ರಿಪೇರಿ ಮಾಡುವ ಹುಡುಗನೊಬ್ಬ ಸುಮಾರು ಐವತ್ತು ರೂಪಾಯಿಯ ಬಿಡಿಭಾಗ ಜೋಡಿಸಿ, ಬಿದಿರುಗಳಕ್ಕೆ ಆಂಟೆನಾ ಕಟ್ಟಿ 'ರಾಘವ್ ಎಫ್ಎಂ' ನಡೆಸುತ್ತಿದ್ದ. ಸುತ್ತಲ ಹಳ್ಳಿಗಳೆಲ್ಲ ಕೇಳುತ್ತಿದ್ದವು. ಪತ್ರಿಕೆಗಳಲ್ಲಿ ಹೆಸರು ಬಂದದ್ದೇ ತಡ, 2006ರ ಮಾರ್ಚಿನಲ್ಲಿ ಅಧಿಕಾರಿಗಳು ಬಾಗಿಲು ಹಾಕಿಸಿದರು. ಪರವಾನಗಿ ಇಲ್ಲ ಅನ್ನೋದು ಕಾರಣ. ಅರ್ಜಿ ಹಾಕೋಕೆ ಅವನಿಗೆ ಯಾವ ಕಿಟಕಿ ಇತ್ತು ಅಂತ ಯಾರೂ ಕೇಳಲಿಲ್ಲ.

ಆ ಕಿಟಕಿ ತೆರೆದದ್ದು ಎಂಟು ತಿಂಗಳಾದ ಮೇಲೆ. ಅದಕ್ಕೆ ಮುಂಚೆ, 2002ರ ಕೊನೆಯಲ್ಲಿ, ಶಿಕ್ಷಣ ಸಂಸ್ಥೆಗಳಿಗಷ್ಟೇ ಸಮುದಾಯ ರೇಡಿಯೋ ಬಿಟ್ಟಿದ್ದರು. ಬೂದಿಕೋಟೆಯಂಥವರಿಗೆ, ಅಂದರೆ ಸಂಘ ಸಂಸ್ಥೆಗಳಿಗೆ, ಅವಕಾಶ ಸಿಕ್ಕಿದ್ದು 2006ರ ನವೆಂಬರಿನಲ್ಲಿ. ಒಬ್ಬಂಟಿ ವ್ಯಕ್ತಿಗೆ ಆಗಲೂ ಇಲ್ಲ, ಹಾಗಾಗಿ ಬಿಹಾರದ ಆ ಹುಡುಗ ಅಲ್ಲೂ ಹೊರಗೇ. ಅಂದ ಹಾಗೆ, ಆ ನೀತಿಯಲ್ಲಿ ಇನ್ನೊಂದು ಸಾಲಿತ್ತು: ಸುದ್ದಿ ಮತ್ತು ರಾಜಕೀಯದ ಕಾರ್ಯಕ್ರಮ ಪ್ರಸಾರ ಮಾಡುವಂತಿಲ್ಲ. ಬೋರ್‌ವೆಲ್ ಕೆಟ್ಟದ್ದು ಸುದ್ದಿಯೋ ಅಲ್ಲವೋ ಅನ್ನೋದನ್ನು ಸ್ಟೇಷನ್ನಿನವರೇ ತೀರ್ಮಾನಿಸಿಕೊಳ್ಳಬೇಕಿತ್ತು...