ಕೊಬ್ಬರಿ ಸೀಮೆಯ ಆರ್ಥಿಕ ಮುನ್ನೋಟ: ಬೆಲೆ, ಕಾಲ ಮತ್ತು ನೀತಿಯ ಅಪಾಯಗಳು

2021–22ರಲ್ಲಿ ತಿಪಟೂರು ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿಯ ಧಾರಣೆ ಕ್ವಿಂಟಲ್‌ಗೆ 17 ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. 2023ರಲ್ಲಿ ಅದು 8 ಸಾವಿರದ ಸುತ್ತ ಬಂದು ನಿಂತಿತು. 2025ರಲ್ಲಿ 25 ಸಾವಿರ ದಾಟಿತು. ಇಷ್ಟು ಕಡಿಮೆ ಅವಧಿಯಲ್ಲಿ ಅರ್ಧಕ್ಕೆ ಕುಸಿದು, ಮತ್ತೆ ಮೂರು ಪಟ್ಟು ಏರಿದ ಸರಕನ್ನು ನಂಬಿ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸಂಸಾರಗಳು ನಡೆಯುತ್ತಿವೆ. ಮಕ್ಕಳ ಕಾಲೇಜು ಶುಲ್ಕ, ಮದುವೆ, ಕೊಳವೆಬಾವಿ, ಸೊಸೈಟಿಯ ಸಾಲ, ಎಲ್ಲದಕ್ಕೂ ಆಧಾರ ಕೊಬ್ಬರಿಯೇ.

2025ರ ಧಾರಣೆಯನ್ನು ನೋಡಿ ಈ ಸೀಮೆ ಚೇತರಿಸಿಕೊಂಡಿದೆ ಎನ್ನುವ ಮಾತು ಕೇಳಿಬರುತ್ತಿದೆ. ಆ ತೀರ್ಮಾನ ಅವಸರದ್ದು ಎಂಬುದು ಈ ಲೇಖನದ ವಾದ. ಆಗ ಏರಿದ್ದು ಬೆಲೆ, ಇಳುವರಿಯಲ್ಲ. ಮರದಲ್ಲಿ ಕಾಯಿ ಕಡಿಮೆಯಾಗಿ, ಹಿಡಿದ ಕಾಯಿಯಲ್ಲೂ ಒಂದಷ್ಟು ಎಳನೀರಿನ ವ್ಯಾಪಾರಕ್ಕೆ ಹೋದ ಮೇಲೆ ಹುಟ್ಟಿದ ಬೆಲೆ ಅದು. ಕೊರತೆಯಿಂದ ಬಂದ ಆದಾಯವನ್ನು ಬೆಳವಣಿಗೆ ಎಂದು ಲೆಕ್ಕ ಹಿಡಿದರೆ ನೀತಿ ತಪ್ಪು ದಾರಿ ಹಿಡಿಯುತ್ತದೆ.

ಕಾರಣ ತಿಳಿಯಲು ಮರದಿಂದಲೇ ಆರಂಭಿಸಬೇಕು. ತೆಂಗಿನ ಸುಳಿಯೊಳಗೆ ಹೊಂಬಾಳೆಯ ಮೊಳಕೆ ಮೂಡಿದಂದಿನಿಂದ ಅದು ಒಡೆದು ಹೊರಬರಲು ಸುಮಾರು 32 ತಿಂಗಳು ಬೇಕು. ಕಾಯಿ ಬಲಿಯಲು ಇನ್ನೂ 12 ತಿಂಗಳು. ಬೇರೆ ಕಡೆಯ ತೆಂಗಿನ ಕಥೆ ಇಲ್ಲಿಗೆ ಮುಗಿಯುತ್ತದೆ. ಈ ಸೀಮೆಯದು ಮುಗಿಯುವುದಿಲ್ಲ. ಇಲ್ಲಿ ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸುತ್ತಾರೆ. ಹತ್ತು ಹನ್ನೊಂದು ತಿಂಗಳಲ್ಲಿ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಗಿಟುಕು ಸದ್ದು ಮಾಡುತ್ತದೆ. ಆಮೇಲೆ ಸುಲಿತ, ಒಡೆತ. ಹೀಗೆ ಲೆಕ್ಕ ಹಾಕಿದರೆ ಮೊಳಕೆಯಿಂದ ಮಂಡಿಯವರೆಗೆ ನಾಲ್ಕೂವರೆ ವರ್ಷ. 2023ರಲ್ಲಿ ಧಾರಣೆ ಬಿದ್ದಾಗ ಗೊಬ್ಬರಕ್ಕೆ ಕೈ ಬಿಗಿಹಿಡಿದ ತೋಟದ ನಷ್ಟ ಆ ವರ್ಷವೇ ಕಾಣುವುದಿಲ್ಲ. ಮುಂದಿನ ಮೂರು ನಾಲ್ಕು ವರ್ಷ ಕಂತು ಕಂತಾಗಿ ಕಾಣಿಸುತ್ತದೆ. ಬರದ ಪೆಟ್ಟೂ ಹಾಗೆಯೇ. ಕಪ್ಪುತಲೆ ಹುಳು, ನುಸಿ, ಬಿಳಿನೊಣ, ಕಾಂಡ ಸೋರುವ ರೋಗ ಇವೆಲ್ಲ ನಿತ್ರಾಣಗೊಂಡ ಮರವನ್ನು ಮತ್ತಷ್ಟು ಹಣ್ಣುಮಾಡುತ್ತವೆ.

ಇನ್ನು ಬೆಂಬಲ ಬೆಲೆ. ಕೇಂದ್ರ ಸರ್ಕಾರ ಎರಡು ಬಗೆಯ ಕೊಬ್ಬರಿಗೆ ಬೇರೆ ಬೇರೆ ಬೆಲೆ ಘೋಷಿಸುತ್ತದೆ: ಗಾಣಕ್ಕೆ ಹೋಗುವ ಹೋಳು ಕೊಬ್ಬರಿಗೆ ಒಂದು, ಉತ್ತರ ಭಾರತದಲ್ಲಿ ಒಣಹಣ್ಣಿನಂತೆ ತಿನ್ನುವ, ಹಬ್ಬಕ್ಕೂ ಮದುವೆಗೂ ಕೊಳ್ಳುವ ಉಂಡೆ ಕೊಬ್ಬರಿಗೆ ಇನ್ನೊಂದು. ಉಂಡೆಯ ಬೆಂಬಲ ಬೆಲೆ 2014ರಲ್ಲಿ ಕ್ವಿಂಟಲ್‌ಗೆ 5,500 ರೂಪಾಯಿ ಇತ್ತು, 2025ಕ್ಕೆ 12,100 ಆಯಿತು. ಶೇ 120ರ ಈ ಏರಿಕೆಯನ್ನು ಸರ್ಕಾರ ಸಾಧನೆಯೆಂದು ಹೇಳುತ್ತದೆ, ಹೇಳಲಿ. ಆದರೆ ಈ ಸೀಮೆಗೆ ಮುಖ್ಯವಾದ ಅಂಕಿ ಬೇರೆ ಇದೆ: ಎರಡು ಬಗೆಯ ಬೆಲೆಗಳ ನಡುವಿನ ಅಂತರ. ಹೋಳು ಕೊಬ್ಬರಿ ಕೆಲವೇ ದಿನಗಳ ಒಣಗಿಲಿನಲ್ಲಿ ಸಿದ್ಧವಾಗುತ್ತದೆ. ಉಂಡೆಗೆ ವರ್ಷದ ಹತ್ತಿರ ಕಾಯಬೇಕು. ಹಾಗಾದರೆ ಆ ಅಂತರವೇ ಕಾಯುವಿಕೆಗೆ ಸರ್ಕಾರ ಕಟ್ಟಿದ ಬೆಲೆ.

ಅದು ಎಷ್ಟು? 2021ರಲ್ಲಿ ಹೋಳಿಗೆ 10,335, ಉಂಡೆಗೆ 10,600. ಅಂತರ 265 ರೂಪಾಯಿ. 2023ರಲ್ಲಿ 10,860 ಮತ್ತು 11,750; ಅಂತರ 890ಕ್ಕೆ ಏರಿತು. 2024ರಲ್ಲಿ 840, 2025ರಲ್ಲಿ 518. 2026ರ ಹಂಗಾಮಿಗೆ ಘೋಷಿಸಿದ ಬೆಲೆ ಹೋಳಿಗೆ 12,027, ಉಂಡೆಗೆ 12,500. ಅಂತರ 473ಕ್ಕೆ ಇಳಿದಿದೆ. ಒಂದು ಕ್ವಿಂಟಲ್ ಹೋಳು ಕೊಬ್ಬರಿ ಮಾರಿ ಬರುವ 12,027 ರೂಪಾಯಿಗೆ ಶೇ 7ರ ಬಡ್ಡಿಯಲ್ಲಿ ಹತ್ತು ತಿಂಗಳ ಲೆಕ್ಕ ಹಾಕಿದರೆ ಬಡ್ಡಿಯೇ ಸುಮಾರು 700 ರೂಪಾಯಿ ಆಗುತ್ತದೆ. ಅಟ್ಟದ ಖರ್ಚು, ಇಲಿಯ ಕಾಟ, ಕೊಳೆತು ಹೋದ ಕಾಯಿ, ಕೌಟು ಹಿಡಿದ ಕೊಬ್ಬರಿ, ಸುಲಿಯುವವರ ಕೂಲಿ ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ. ಬೆಂಬಲ ಬೆಲೆ ಕಾಗದದಲ್ಲಿ ಏರುತ್ತಿದೆ, ಉಂಡೆ ಮಾಡುವ ರೈತನ ಪಾಲಿಗೆ ಕಾಯುವಿಕೆಯ ಬೆಲೆ ಕುಗ್ಗುತ್ತಿದೆ. ಇದನ್ನು ಈ ಭಾಗದ ಜನಪ್ರತಿನಿಧಿಗಳು ಗಟ್ಟಿಯಾಗಿ ಕೇಳಬೇಕಿತ್ತು. ಚರ್ಚೆಯೆಲ್ಲ ಒಟ್ಟು ಬೆಲೆಯ ಸುತ್ತಲೇ ನಡೆದಿದೆ.

ಈ ಕಾಯುವಿಕೆಗೆ ಬ್ಯಾಂಕಿನ ನೆರವೂ ಇಲ್ಲ. 2007ರ ಉಗ್ರಾಣ ಕಾಯ್ದೆಯಡಿ ನೋಂದಾಯಿತ ಗೋದಾಮಿನ ರಸೀದಿಯ ಮೇಲೆ ಅಡಮಾನ ಸಾಲ ಪಡೆಯುವ ದಾರಿ ತೆರೆಯಿತು. ಆದರೆ ರೈತನ ಅಟ್ಟ ಕಾಯ್ದೆಯ ಕಣ್ಣಿಗೆ ಗೋದಾಮಲ್ಲ. ಕೈಯಲ್ಲಿ ಸರಕಿದ್ದೂ ಹಣವಿಲ್ಲದವನು ಮಂಡಿ ವರ್ತಕರ ಮುಂಗಡಕ್ಕೆ ಕೈಯೊಡ್ಡುತ್ತಾನೆ. ಆಮೇಲೆ ಕೊಬ್ಬರಿ ಎಲ್ಲಿಗೆ, ಯಾವಾಗ ಹೋಗಬೇಕೆಂಬುದು ಅವನ ಕೈಯಲ್ಲಿ ಉಳಿಯುವುದಿಲ್ಲ.

ಧಾರಣೆ ಬಿದ್ದಾಗ ಸರ್ಕಾರ ಖರೀದಿಗೆ ಇಳಿಯುತ್ತದೆ ನಿಜ. 2024ರಲ್ಲಿ ನಾಫೆಡ್ ಮೂಲಕ 12,000 ರೂಪಾಯಿಗೆ ಖರೀದಿಯಾಯಿತು, ರಾಜ್ಯ ಸರ್ಕಾರ 1,500 ಸೇರಿಸಿ ಕೊಟ್ಟಿತು. ಆದರೆ ಒಬ್ಬ ರೈತನಿಂದ ಎಕರೆಗೆ 6 ಕ್ವಿಂಟಲ್‌ನಂತೆ ಗರಿಷ್ಠ 15 ಕ್ವಿಂಟಲ್ ಮಾತ್ರ. ನೋಂದಣಿ ಕೇಂದ್ರಗಳ ಮುಂದೆ ರೈತರು ರಾತ್ರಿಯಿಡೀ ಸರದಿ ನಿಂತರು. ಅಕ್ರಮದ ದೂರು ಬಂದು ಆಗಿದ್ದ ನೋಂದಣಿಯನ್ನೇ ರದ್ದುಮಾಡಿ ಹೊಸದಾಗಿ ನಡೆಸಬೇಕಾಯಿತು. ಅಷ್ಟರಲ್ಲಿ ಸಾಲದ ಒತ್ತಡವಿದ್ದ ಸಣ್ಣ ಹಿಡುವಳಿದಾರರು ಹೊರಗೆ ಮಾರಿದ್ದರು. 2023ರ ಧಾರಣೆಗೂ ಆ ವರ್ಷದ ಬೆಂಬಲ ಬೆಲೆಗೂ ಇದ್ದ ವ್ಯತ್ಯಾಸ ಕ್ವಿಂಟಲ್‌ಗೆ 3,750 ರೂಪಾಯಿಯಷ್ಟು. 15 ಕ್ವಿಂಟಲ್‌ಗೆ ಅದು 56 ಸಾವಿರ ದಾಟುತ್ತದೆ. ಸಣ್ಣ ಸಂಸಾರಕ್ಕೆ ಇದು ವರ್ಷದ ಲೆಕ್ಕವನ್ನೇ ಬದಲಿಸುವ ಮೊತ್ತ. ಕೊಂಡ ದಾಸ್ತಾನನ್ನು ನಾಫೆಡ್ ಮುಂದೆ ಮುಕ್ತ ಮಾರುಕಟ್ಟೆಗೆ ಬಿಟ್ಟಾಗ ಧಾರಣೆ ಮತ್ತೆ ಜಗ್ಗುತ್ತದೆ ಎಂಬ ರೈತರ ಆತಂಕಕ್ಕೂ ಆಧಾರವಿದೆ. ದಾಸ್ತಾನನ್ನು ಯಾವಾಗ, ಯಾವ ಬೆಲೆಗಿಂತ ಕೆಳಗೆ ಮಾರಬಾರದು ಎಂಬ ನಿಯಮ ಮೊದಲೇ ಪ್ರಕಟವಾಗದ ಹೊರತು ಖರೀದಿಯ ಉಪಕಾರ ಅರ್ಧಕ್ಕೇ ನಿಲ್ಲುತ್ತದೆ.

ತಿಪಟೂರಿನಿಂದ ದೂರದಲ್ಲಿ ಕೈಗೊಳ್ಳುವ ತೀರ್ಮಾನಗಳೂ ಇಲ್ಲಿಗೆ ತಲುಪುತ್ತವೆ. ಕಚ್ಚಾ ಖಾದ್ಯ ತೈಲದ ಆಮದಿನ ಮೂಲ ಸುಂಕವನ್ನು ಕೇಂದ್ರ 2024ರ ಸೆಪ್ಟೆಂಬರ್‌ನಲ್ಲಿ ಶೇ 20ಕ್ಕೆ ಏರಿಸಿ, 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಸಿತು. ತಾಳೆ ಎಣ್ಣೆ ಅಗ್ಗವಾದರೆ ಮೊದಲ ಪೆಟ್ಟು ಕೊಬ್ಬರಿ ಎಣ್ಣೆಗೆ, ಅದರ ಹಿಂದೆಯೇ ಹೋಳಿಗೆ, ಕೊನೆಗೆ ಉಂಡೆಗೆ. ನಾಲ್ಕೂವರೆ ವರ್ಷದ ಬೆಳೆಯ ಎದುರು ಒಂಬತ್ತು ತಿಂಗಳಲ್ಲಿ ಬದಲಾಗುವ ಸುಂಕ.

ನೀರಿನ ಪ್ರಶ್ನೆ ಇದಕ್ಕಿಂತ ಹಳೆಯದು. ಗೊರೂರಿನ ಹೇಮಾವತಿ ಜಲಾಶಯದ ತುಮಕೂರು ನಾಲೆ ಬಂದ ಮೇಲೆ ತುರುವೇಕೆರೆ, ತಿಪಟೂರು ಭಾಗದ ಕೆರೆಗಳಿಗೆ ಜೀವ ಬಂತು. ಚಿಕ್ಕನಾಯಕನಹಳ್ಳಿಯ ಹುಳಿಯಾರು ಕಡೆ ಬಹುಪಾಲು ಕೊಳವೆಬಾವಿಯೇ ಗತಿ. ಹೇಮಾವತಿ ನೀರನ್ನು ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ ಜಿಲ್ಲೆಯಲ್ಲಿ ಎದ್ದ ಹೋರಾಟವನ್ನು ತಾಲ್ಲೂಕು ತಾಲ್ಲೂಕಿನ ಜಗಳ ಎಂದು ತಳ್ಳಿಹಾಕಬಾರದು. ಮರ ಒಮ್ಮೆ ಒಣಗಿದರೆ ಒಂದು ತಲೆಮಾರಿನ ಬಂಡವಾಳವೇ ಹೋಯಿತು.

ಬೇರೆ ದಾರಿಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಚಿಕ್ಕನಾಯಕನಹಳ್ಳಿಯ ಕಬ್ಬಿಣದ ಅದಿರು ಕೆಲವು ವರ್ಷ ಹಣ ಹರಿಸಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿದಾಗ ಆ ಹರಿವು ನಿಂತಿತು. ಕೈಗಾರಿಕೆಯೇನೋ ಜಿಲ್ಲೆಗೆ ಬಂದಿದೆ: ವಸಂತನರಸಾಪುರ ಕೈಗಾರಿಕಾ ಪ್ರದೇಶ ಬೆಳೆದಿದೆ, ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅವು ಕೊಬ್ಬರಿಗೆ ಬದಲಿಯಲ್ಲ. ಚಿಪ್ಪಿನ ಇದ್ದಿಲು, ನಾರು ಮುಂತಾದ ಉಪ ಉತ್ಪನ್ನಗಳ ಉದ್ಯಮವೇ ಈ ಸೀಮೆಗೆ ಹೆಚ್ಚು ಒಪ್ಪುತ್ತದೆ. ಕಚ್ಚಾ ಮಾಲು ಊರಿನಲ್ಲೇ ಇದೆ, ಸುಲಿತ ಒಡೆತದ ಕೈಗಳೂ ಇವೆ.

2002ರಲ್ಲಿ ಡಿ. ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕನ್ನು ಘಟಕವಾಗಿಟ್ಟುಕೊಂಡು ಹಿಂದುಳಿದಿರುವಿಕೆಯನ್ನು ಅಳೆಯಿತು. 2024ರಲ್ಲಿ ಎಂ. ಗೋವಿಂದ ರಾವ್ ಅಧ್ಯಕ್ಷತೆಯ ಸಮಿತಿ ಅದೇ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡಿತು. ಒಂದು ವರ್ಷದ ಆದಾಯವನ್ನಷ್ಟೇ ಅಳೆದರೆ 2023ರ ತಿಪಟೂರು ಬಡ ತಾಲ್ಲೂಕು, 2025ರದು ಸಿರಿವಂತ ತಾಲ್ಲೂಕು. ಮರಗಳು ಮಾತ್ರ ಅವೇ. ಏಕಬೆಳೆ ತಾಲ್ಲೂಕುಗಳ ಆದಾಯದ ಏರಿಳಿತವನ್ನೂ ಹಿಂದುಳಿದಿರುವಿಕೆಯ ಮಾನದಂಡವಾಗಿ ಸೇರಿಸಬೇಕು. ಹಾಗೆಯೇ ರಾಜ್ಯ ಸರ್ಕಾರವು ಬೆಂಬಲ ಬೆಲೆಯನ್ನು ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಮುಂದೆ ಮುಂದಿನ ಬಾರಿ ಉಂಡೆ ಮತ್ತು ಹೋಳಿನ ಅಂತರದ ಲೆಕ್ಕವನ್ನು ಪ್ರತ್ಯೇಕವಾಗಿ ಇಡಬೇಕು. ಹತ್ತು ತಿಂಗಳ ಬಡ್ಡಿ, ದಾಸ್ತಾನು ಮತ್ತು ನಷ್ಟವನ್ನು ಭರಿಸದ ಯಾವ ಅಂತರವನ್ನೂ ಒಪ್ಪಬಾರದು.