ನೈಸರ್ಗಿಕ ಸಾವಯವ ಪದಾರ್ಥ ಮತ್ತು ಹಾರ್ಮೋನುಗಳ ದ್ಯುತಿವಿಘಟನೆ

ನದಿ, ಕೆರೆಗಳ ನೀರಿಗೆ ಸೇರಿದ ಈಸ್ಟ್ರೋಜನ್ ಹಾರ್ಮೋನುಗಳು ಬಿಸಿಲಿಗೆ ಒಡೆಯುವ ವೇಗವನ್ನು ಅದೇ ನೀರಿನಲ್ಲಿ ಕರಗಿರುವ ನೈಸರ್ಗಿಕ ಸಾವಯವ ಪದಾರ್ಥ ಹೆಚ್ಚಿಸಲೂಬಹುದು, ತಗ್ಗಿಸಲೂಬಹುದು. ಎಲೆ, ಬೇರು, ಪಾಚಿ, ಸೂಕ್ಷ್ಮಜೀವಿಗಳು ಕೊಳೆತು ಉಂಟಾಗುವ ಈ ಪದಾರ್ಥ ಸಾವಿರಾರು ಬಗೆಯ ಅಣುಗಳ ಮಿಶ್ರಣ. ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲಗಳು ಇದರ ಮುಖ್ಯ ಭಾಗ. ಅಮೆರಿಕದ ಜಾರ್ಜಿಯಾದ ಓಕೆಫೆನೋಕಿ ಜೌಗಿನಲ್ಲಿ ಹುಟ್ಟುವ ಸುವಾನೀ ನದಿಯ ನೀರಿಗೆ ಚಹಾ ಡಿಕಾಕ್ಷನ್ನಿನ ಬಣ್ಣ ಬಂದಿರುವುದು ಇದರಿಂದಲೇ. ಆ ನದಿಯಿಂದ ಬೇರ್ಪಡಿಸಿದ ಆಮ್ಲಗಳು ಪ್ರಯೋಗಾಲಯಗಳಲ್ಲಿ ಪ್ರಮಾಣಿತ ಮಾದರಿಗಳಾಗಿ ಬಳಕೆಯಲ್ಲಿವೆ.

ಹಿನ್ನೆಲೆ

ಈಸ್ಟ್ರೋಜನ್‌ಗಳ ಪೈಕಿ ಈಸ್ಟ್ರೋನ್ ಮತ್ತು 17-ಬೀಟಾ-ಈಸ್ಟ್ರಡಯೋಲ್ ಮನುಷ್ಯರ ಹಾಗೂ ಜಾನುವಾರುಗಳ ಮಲಮೂತ್ರದಿಂದ, 17-ಆಲ್ಫಾ-ಎಥಿನೈಲ್‌ಈಸ್ಟ್ರಡಯೋಲ್ ಗರ್ಭನಿರೋಧಕ ಮಾತ್ರೆಗಳಿಂದ ನೀರಿಗೆ ಬರುತ್ತವೆ. ಚರಂಡಿ ನೀರಿನ ಶುದ್ಧೀಕರಣ ಘಟಕಗಳು ಇವನ್ನು ಪೂರ್ತಿಯಾಗಿ ತೆಗೆಯಲಾರವು. ಕೆನಡಾದ ಒಂಟಾರಿಯೊದ 260ನೇ ಸಂಖ್ಯೆಯ ಪ್ರಾಯೋಗಿಕ ಸರೋವರಕ್ಕೆ 2001ರಿಂದ 2003ರವರೆಗೆ ಎಥಿನೈಲ್‌ಈಸ್ಟ್ರಡಯೋಲ್ ಬೆರೆಸಲಾಯಿತು. ಅದರ ಸಾಂದ್ರತೆ ಲೀಟರಿಗೆ 5–6 ನ್ಯಾನೊಗ್ರಾಂ ಇದ್ದಾಗಲೇ ಗಂಡು ಫ್ಯಾಟ್‌ಹೆಡ್ ಮಿನ್ನೋ ಮೀನುಗಳ ದೇಹದಲ್ಲಿ ಮೊಟ್ಟೆಯ ಪ್ರೋಟೀನು ಹುಟ್ಟಿ, ಸಂತತಿ ಅಳಿವಿನಂಚಿಗೆ ಬಂತು.

ನೇರ ವಿಘಟನೆ

ಈಸ್ಟ್ರೋಜನ್‌ಗಳ ಫೀನಾಲ್ ಉಂಗುರ ಅತಿ ಹೆಚ್ಚು ಬೆಳಕನ್ನು ಹೀರುವುದು 280 ನ್ಯಾನೊಮೀಟರ್ ಆಸುಪಾಸಿನಲ್ಲಿ. ನೆಲ ಮುಟ್ಟುವ ಬಿಸಿಲಿನಲ್ಲಿ 290 ನ್ಯಾನೊಮೀಟರಿಗಿಂತ ಕಿರಿದಾದ ತರಂಗಗಳು ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಶುದ್ಧ ನೀರಿನಲ್ಲಿ ಈಸ್ಟ್ರಡಯೋಲ್ ನಿಧಾನವಾಗಿ ಒಡೆಯುತ್ತದೆ. 17ನೇ ಇಂಗಾಲದಲ್ಲಿ ಕೀಟೋನ್ ಗುಂಪಿರುವ ಈಸ್ಟ್ರೋನ್ ಇದಕ್ಕಿಂತ ಬೇಗ ಬದಲಾಗುತ್ತದೆ. ಅದರಿಂದ ಹುಟ್ಟುವ ಲೂಮಿಈಸ್ಟ್ರೋನ್‌ನಲ್ಲಿ ಪರಮಾಣುಗಳು ಅವೇ, 13ನೇ ಇಂಗಾಲದಲ್ಲಿ ಜೋಡಣೆಯ ದಿಕ್ಕು ಮಾತ್ರ ಬೇರೆ.

ವೇಗ ಹೆಚ್ಚಿಸುವ ಬಗೆ

ಸಾವಯವ ಪದಾರ್ಥದ ಕಂದು ಅಣುಗಳು ಇನ್ನೂ ಉದ್ದದ ತರಂಗಗಳನ್ನೂ ಹೀರಿ ಟ್ರಿಪ್ಲೆಟ್ ಎಂಬ ಉದ್ರಿಕ್ತ ಸ್ಥಿತಿ ತಲುಪುತ್ತವೆ. ಈ ಅಣುಗಳು ಹಾರ್ಮೋನಿನ ಫೀನಾಲ್ ಭಾಗದಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅದನ್ನು ಉತ್ಕರ್ಷಿಸುತ್ತವೆ. ಕರಗಿದ ಆಮ್ಲಜನಕ ಎದುರಾದರೆ ಟ್ರಿಪ್ಲೆಟ್ ತನ್ನ ಶಕ್ತಿಯನ್ನು ಅದಕ್ಕೆ ದಾಟಿಸುತ್ತದೆ, ಆಗ ಸಿಂಗ್ಲೆಟ್ ಆಮ್ಲಜನಕ ಹುಟ್ಟುತ್ತದೆ. ಅಲ್ಪ ಪ್ರಮಾಣದಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳೂ ಉಂಟಾಗುತ್ತವೆ. ಹಾರ್ಮೋನು ಒಡೆಯುವುದರಲ್ಲಿ ಯಾವುದರ ಪಾಲು ಎಷ್ಟೆಂದು ತಿಳಿಯಲು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹಿಡಿಯುವ ಐಸೊಪ್ರೊಪನಾಲ್, ಸಿಂಗ್ಲೆಟ್ ಆಮ್ಲಜನಕ ಅಳೆಯುವ ಫರ್‌ಫ್ಯೂರಿಲ್ ಆಲ್ಕೋಹಾಲ್ ಬಳಸುತ್ತಾರೆ.

ತಡೆಯುವ ಬಗೆ

ಅದೇ ಕಂದು ಬಣ್ಣ ಬೆಳಕಿಗೆ ಅಡ್ಡವೂ ಆಗುತ್ತದೆ. ದಟ್ಟ ಕಂದು ನೀರಿನಲ್ಲಿ ಅತಿನೇರಳೆ ಕಿರಣಗಳು ಮೇಲ್ಪದರದಲ್ಲೇ ಮುಗಿದುಹೋಗುತ್ತವೆ. ಜೊತೆಗೆ, ಸಾವಯವ ಪದಾರ್ಥದಲ್ಲಿರುವ ಫೀನಾಲ್ ಗುಂಪುಗಳು ಎಲೆಕ್ಟ್ರಾನ್ ಕಳೆದುಕೊಂಡ ಹಾರ್ಮೋನಿಗೆ ಅದನ್ನು ಹಿಂದಿರುಗಿಸಿ ಮೊದಲಿನ ರೂಪಕ್ಕೆ ತರಬಲ್ಲವು. ಆದ್ದರಿಂದ ಪದಾರ್ಥ ಹೆಚ್ಚಿದಷ್ಟೂ ವೇಗ ಏರುತ್ತಲೇ ಹೋಗುವುದಿಲ್ಲ. ತಿಳಿಯಾದ, ಆಳವಿಲ್ಲದ ನೀರಿಗೆ ಅದು ಸ್ವಲ್ಪ ಬೆರೆತರೆ ಈಸ್ಟ್ರಡಯೋಲ್ ಬೇಗ ಒಡೆಯಬಹುದು. ನೇರವಾಗಿಯೇ ಬೆಳಕು ಹೀರಿ ಒಡೆಯುವ ಈಸ್ಟ್ರೋನ್‌ಗೆ ಇದರಿಂದ ಸಿಗುವ ಲಾಭ ಕಡಿಮೆ. ನೆರಳಿನಿಂದಾಗುವ ನಷ್ಟವೇ ಮೇಲುಗೈ ಪಡೆಯಬಹುದು.

ಮಹತ್ವ

ಫೀನಾಲ್ ಉಂಗುರ ಹಾಳಾದರೆ ಈಸ್ಟ್ರೋಜನ್ ಗ್ರಾಹಿಗೆ ಅಂಟುವ ಸಾಮರ್ಥ್ಯ ಕುಗ್ಗುತ್ತದೆ. ಆದರೆ ಮೂಲ ಅಣು ಕಾಣೆಯಾಯಿತೆಂದ ಮಾತ್ರಕ್ಕೆ ಅಪಾಯ ಮುಗಿಯಿತೆನ್ನಲಾಗದು. ಜಾನುವಾರು ಕೊಬ್ಬಿಸಲು ಬಳಸುವ ಟ್ರೆನ್‌ಬೊಲೋನ್ ಅಸಿಟೇಟ್‌ನಿಂದ ಹುಟ್ಟುವ ಹಾರ್ಮೋನುಗಳು ಬಿಸಿಲಿಗೆ ಬದಲಾದರೂ ಕತ್ತಲಲ್ಲಿ ಭಾಗಶಃ ಮತ್ತೆ ರೂಪುಗೊಳ್ಳುತ್ತವೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಗಲಿನ ಅಳತೆಯೊಂದನ್ನೇ ನಂಬಿದರೆ ಇಂಥ ಹಾರ್ಮೋನುಗಳ ಲೆಕ್ಕ ತಪ್ಪುತ್ತದೆ.