ಗೃಹಜಾಲದಲ್ಲಿ ಸಾಧನ ಪತ್ತೆ

ಒಂದೇ ಮನೆಯ ಜಾಲಕ್ಕೆ ಸೇರಿದ ಗಣಕಯಂತ್ರ, ಮೊಬೈಲ್, ಪ್ರಿಂಟರ್, ಸ್ಮಾರ್ಟ್ ಟಿ.ವಿ. ಮುಂತಾದವು, ಬಳಕೆದಾರರು ವಿಳಾಸವನ್ನು ನಮೂದಿಸದೆಯೇ ಒಂದನ್ನೊಂದು ಗುರುತಿಸಿಕೊಳ್ಳುವ ವಿಧಾನವನ್ನು ಸಾಧನ ಪತ್ತೆ ಎನ್ನುತ್ತಾರೆ. ಕೆಲವು ಸಾಧನಗಳು ಈಥರ್ನೆಟ್ ತಂತಿಯಿಂದಲೂ ಉಳಿದವು ವೈ-ಫೈ ಮೂಲಕವೂ ಸೇರಿರುವ ಮಿಶ್ರ ಜಾಲದಲ್ಲಿ, ಎಲ್ಲಕ್ಕೂ ಅಂತರಜಾಲ ಸಂಪರ್ಕವಿದ್ದರೂ ಒಂದಕ್ಕೆ ಮತ್ತೊಂದು ಕಾಣಿಸದಿರುವುದುಂಟು. ಇಂತಹ ಸಂದರ್ಭದಲ್ಲಿ ಸಾಧನವು ಕೆಟ್ಟಿರಲೇಬೇಕೆಂದಿಲ್ಲ. ಪತ್ತೆಯ ಸಂದೇಶ ಸಾಗುವ ಹಾದಿಯಲ್ಲಿ ಅಡಚಣೆ ಇರಬಹುದು.

ಕಾರ್ಯವಿಧಾನ

ಪತ್ತೆಯ ಸಂದೇಶವನ್ನು ಒಂದು ಸಾಧನಕ್ಕಲ್ಲದೆ ಇಡೀ ಗುಂಪಿಗೆ ಕಳುಹಿಸಲಾಗುತ್ತದೆ. ಈ ಕ್ರಮಕ್ಕೆ ಮಲ್ಟಿಕಾಸ್ಟ್ ಎಂದು ಹೆಸರು. ಎಂಡಿಎನ್ಎಸ್ ನಿಯಮಾವಳಿಯು 2013ರಲ್ಲಿ ಆರ್‌ಎಫ್‌ಸಿ 6762 ಆಗಿ ಪ್ರಕಟವಾಯಿತು. ಅದು 224.0.0.251 ಎಂಬ ವಿಳಾಸವನ್ನೂ 5353ನೆಯ ಪೋರ್ಟನ್ನೂ ಬಳಸುತ್ತದೆ. ಆಪಲ್ ಸಂಸ್ಥೆಯ ಬೋಂಜೂರ್ ತಂತ್ರಾಂಶ ಇದನ್ನು ಅವಲಂಬಿಸಿದೆ. ಯುಪಿಎನ್‌ಪಿ ಸಾಧನಗಳು ಬಳಸುವ ಎಸ್ಎಸ್‌ಡಿಪಿಗೆ 239.255.255.250 ವಿಳಾಸವೂ 1900ನೆಯ ಪೋರ್ಟೂ ನಿಗದಿಯಾಗಿವೆ. ಮನೆಯ ರೌಟರ್‌ಗಳು ಸಾಮಾನ್ಯವಾಗಿ ಈ ಸಂದೇಶಗಳನ್ನು ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಸುವುದಿಲ್ಲ. ಆದುದರಿಂದ ತಂತಿಯ ಭಾಗವೂ ನಿಸ್ತಂತು ಭಾಗವೂ ಒಂದೇ ಜಾಲವಾಗಿರುವುದು ಅಗತ್ಯ.

ಸಾಮಾನ್ಯ ಕಾರಣಗಳು

* ಎರಡು ರೌಟರ್‌ಗಳು: ಸೇವಾದಾತರು ನೀಡಿದ ಫೈಬರ್ ಮೋಡೆಮ್ ರೌಟರ್ ಆಗಿಯೂ ಕೆಲಸ ಮಾಡುತ್ತಿರುವಾಗ ಅದಕ್ಕೆ ಮತ್ತೊಂದು ರೌಟರ್ ಜೋಡಿಸಿದರೆ, ಮನೆಯೊಳಗೆ ಎರಡು ಬೇರೆ ಜಾಲಗಳು ಏರ್ಪಡಬಹುದು.
* ಪ್ರತ್ಯೇಕತೆ: ಅತಿಥಿ ವೈ-ಫೈ ಜಾಲ ಹಾಗೂ ಎಪಿ ಐಸೊಲೇಷನ್ ಎಂಬ ಸೌಲಭ್ಯಗಳು ಸಾಧನಗಳ ಪರಸ್ಪರ ಸಂವಹನವನ್ನು ಉದ್ದೇಶಪೂರ್ವಕವಾಗಿ ತಡೆಯುತ್ತವೆ.
* ಫೈರ್‌ವಾಲ್: ವಿಂಡೋಸ್‌ನಲ್ಲಿ ಜಾಲವನ್ನು ಸಾರ್ವಜನಿಕವೆಂದು ಗುರುತಿಸಿದ್ದರೆ ಪತ್ತೆಯ ಸಂದೇಶಗಳಿಗೆ ತಡೆಯಾಗುತ್ತದೆ.
* ಸಂದೇಶನಷ್ಟ: ವೈ-ಫೈ ಕೇಂದ್ರವು ಪ್ರಸಾರ ಮಾಡುವ ಮಲ್ಟಿಕಾಸ್ಟ್ ಸಂದೇಶಕ್ಕೆ ಸ್ವೀಕೃತಿಯ ಉತ್ತರವಿರುವುದಿಲ್ಲ. ಕಳೆದುಹೋದುದು ಮತ್ತೆ ರವಾನೆಯಾಗದ ಕಾರಣ ಸಾಧನವು ಒಮ್ಮೆ ಕಂಡು ಒಮ್ಮೆ ಮರೆಯಾಗಬಹುದು.
* ವಿಪಿಎನ್: ಇದು ಚಾಲನೆಯಲ್ಲಿದ್ದಾಗ ಸ್ಥಳೀಯ ಜಾಲದ ಸಂಪರ್ಕ ಕಡಿದುಹೋಗುವ ಸಾಧ್ಯತೆಯಿದೆ.

ದೋಷ ಪತ್ತೆಯ ಕ್ರಮ

1. ಎರಡೂ ಸಾಧನಗಳ ಐಪಿ ವಿಳಾಸಗಳನ್ನು ಹೋಲಿಸಬೇಕು. ಸಬ್‌ನೆಟ್ ಮಾಸ್ಕ್ 255.255.255.0 ಇರುವಾಗ ಒಂದರ ವಿಳಾಸ 192.168.0 ಎಂದೂ ಇನ್ನೊಂದರದು 192.168.1 ಎಂದೂ ಆರಂಭವಾದರೆ ಅವು ಬೇರೆ ಜಾಲಗಳಲ್ಲಿವೆ. 169.254 ಎಂದು ಆರಂಭವಾಗುವ ವಿಳಾಸವು, ರೌಟರ್‌ನಿಂದ ವಿಳಾಸ ದೊರೆತಿಲ್ಲವೆಂಬುದರ ಸೂಚನೆ.
2. ಆ ವಿಳಾಸಕ್ಕೆ ಪಿಂಗ್ ಆದೇಶ ನೀಡಬೇಕು. ಉತ್ತರ ಬಂದರೆ ಸಂಪರ್ಕವಿದೆ, ಪತ್ತೆಯ ವ್ಯವಸ್ಥೆಯಲ್ಲಿ ಮಾತ್ರ ದೋಷವಿದೆ ಎಂದು ತಿಳಿಯಬಹುದು. ಫೈರ್‌ವಾಲ್ ಪಿಂಗ್ ಅನ್ನೂ ತಡೆಯಬಲ್ಲುದಾದ್ದರಿಂದ, ಉತ್ತರ ಬಾರದಿರುವುದೊಂದೇ ನಿರ್ಣಾಯಕವಲ್ಲ.
3. ಲ್ಯಾಪ್‌ಟಾಪನ್ನು ತಾತ್ಕಾಲಿಕವಾಗಿ ತಂತಿಯಿಂದ ಜೋಡಿಸಿ ನೋಡಬೇಕು. ಆಗ ಪ್ರಿಂಟರ್ ಕಾಣಿಸಿಕೊಂಡರೆ ವೈ-ಫೈ ಭಾಗದ ಹೊಂದಾಣಿಕೆಗಳನ್ನು ಪರಿಶೀಲಿಸುವುದು ಸೂಕ್ತ.
4. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಫಲಿತಾಂಶವನ್ನು ಗಮನಿಸಬೇಕು.

ಪರಿಹಾರ

ಎರಡನೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ವಿಧಾನಕ್ಕೆ ಬದಲಾಯಿಸಿದರೆ ಎರಡೂ ಭಾಗಗಳು ಒಂದೇ ಜಾಲವಾಗುತ್ತವೆ. ವಿಂಡೋಸ್‌ನಲ್ಲಿ ಮನೆಯ ಜಾಲವನ್ನು ಖಾಸಗಿ ಎಂದು ಗುರುತಿಸಬೇಕು. ಪ್ರಿಂಟರ್‌ಗೆ ರೌಟರ್‌ನಲ್ಲಿ ಒಂದು ವಿಳಾಸವನ್ನು ಕಾಯ್ದಿರಿಸಿ, ಆ ವಿಳಾಸವನ್ನೇ ನಮೂದಿಸಿ ಗಣಕಯಂತ್ರಕ್ಕೆ ಸೇರಿಸಿಕೊಂಡರೆ ಪತ್ತೆಯ ವ್ಯವಸ್ಥೆಯ ನೆರವಿಲ್ಲದೆಯೂ ಮುದ್ರಣ ಸಾಧ್ಯ.

ಸುರಕ್ಷತೆ

ಸಾಧನ ಕಾಣಿಸಲೆಂದು ಫೈರ್‌ವಾಲನ್ನು ಪೂರ್ಣವಾಗಿ ಸ್ಥಗಿತಗೊಳಿಸುವುದು ಅಪಾಯಕರ. ಅಗತ್ಯವಾದ ಸೇವೆಗಷ್ಟೇ ಅನುಮತಿ ನೀಡಿದರೆ ಸಾಕು. 1900ನೆಯ ಪೋರ್ಟನ್ನು ಅಂತರಜಾಲಕ್ಕೆ ತೆರೆದಿಡಬಾರದು, ಏಕೆಂದರೆ ಹಾಗೆ ತೆರೆದಿರುವ ಸಾಧನಗಳು ಇತರರ ಮೇಲಿನ ಡಿಡಾಸ್ ದಾಳಿಗಳಿಗೆ ದುರ್ಬಳಕೆಯಾಗಿವೆ. ವಿದ್ಯಾರ್ಥಿನಿಲಯ, ವಸತಿಗೃಹ ಮೊದಲಾದ ಹಂಚಿಕೆಯ ಜಾಲಗಳಲ್ಲಿ ಸಾಧನಗಳು ಪರಸ್ಪರ ಕಾಣಿಸದಿರುವುದು ದೋಷವಲ್ಲ, ಬಳಕೆದಾರರ ರಕ್ಷಣೆಗಾಗಿ ಮಾಡಿದ ವ್ಯವಸ್ಥೆ.